ಎದುರು ಸೀಟಿನ ಹಿಟ್ಟಿನ ಮೂಟೆ

ತಂಗೀ,

"ಮೇಲೇರಿದಷ್ಟೂ ಭಾರ ಕಳೆಯುವುದು" ಎಂಬ ಸಾಲೊಂದು ಬೆಳಗಿನಿಂದ ತಲೆಯಲ್ಲಿದೆ. ಯಾರದ್ದೋ, ಮುಂದೇನೋ ನೆನಪಿಲ್ಲ. ನಿಜವೇ ಎಂಬುದೂ ಅನುಮಾನ.

ಬೆಟ್ಟದ ತುದಿಯ ಮಠಕ್ಕೆ ಹೋಗುವ ಕೇಬಲ್ ಕಾರಿನಲ್ಲಿ ನಾನೊಬ್ಬಳೇ ಕೂತದ್ದನ್ನು ಕಂಡು ಆಪರೇಟರ್, "ಒಂದೇ ಕಡೆ ಭಾರ ಬಿದ್ರೆ ವಾಲುತ್ತಮ್ಮಾ. ಜೊತೆಗೆ ಯಾರೂ ಇಲ್ವಾ?" ಎಂದ. "ಇಲ್ಲ" ಎಂದೆ. ನಿನ್ನ ಭಾವ ತೀರಿಕೊಂಡ ಮೇಲೆ ಈ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಆಪರೇಟರ್, ಮಠದ ಅಡುಗೆಮನೆಗೆ ಹೋಗಬೇಕಿದ್ದ ಹಿಟ್ಟಿನ ಮೂಟೆಯೊಂದನ್ನು ಎದುರು ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, "ಇವರು ತಕರಾರು ಮಾಡಲ್ಲ ಬಿಡಿ" ಎನ್ನುತ್ತಾ ಬಾಗಿಲು ಹಾಕಿದ. ನಡುದಾರಿಯಲ್ಲಿ ಗಾಳಿಗೆ ಕಾರು ತೂಗಾಡಿದಾಗ ಕಣ್ಣು ಮುಚ್ಚಿ ಮೂಟೆಯ ತುದಿ ಹಿಡಿದುಕೊಂಡೆ. ಇಳಿಯುವವರೆಗೂ ಹಾಗೇ ಇದ್ದುಬಿಡೋಣ ಎನ್ನಿಸಿತ್ತು.

ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಮಂಡಿಯೂ ಸುಮ್ಮನಿದೆ.

ನಿನ್ನ ಅಕ್ಕ

ಕಾಗದದ ಅಂಚಿನಲ್ಲಿ ಇಷ್ಟೇ ಜಾಗ ಉಳಿದಿದೆ. ಕಾರು ಇನ್ನೂ ತೂಗುತ್ತಿರುವಾಗಲೇ ಕಣ್ಣು ಬಿಟ್ಟೆ. ಕೆಳಗೆ ಮೋಡ, ಮೇಲೆ ಮಠದ ಬಿಳಿ ಗೋಡೆ. ಕಣ್ಣು ಬಿಡಿಸಿದ್ದು, ನಾನು ಮನೆಯಿಂದ ಹೊರಡುವಾಗ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಆಡಿದ ಮಾತು. "ನಿನ್ನ ಗಂಡ ನೋಡ್ಬೇಕು ಅಂತಿದ್ದ ಬೆಟ್ಟ ಅಲ್ವೇನೇ? ಅವನ ಪಾಲಿಂದೂ ನೀನೇ ನೋಡ್ಕೊಂಡು ಬಾ."