ಐವತ್ತೆಂಟನೆಯ ಸಾಕ್ಷಿ

ಮಾರ್ಚ್ 4
ಇವತ್ತು ಮೂರು ಹೇಳಿಕೆ. ಮೂವರೂ ಮುದುಕರು. ಯುದ್ಧ ಮುಗಿದು ನಲವತ್ತು ವರ್ಷ. ಈಗ ಎರಡೂ ದೇಶ ಸೇರಿ ಹೂತುಹೋದವರನ್ನು ಹುಡುಕುತ್ತಿವೆ. ನನ್ನದು ಕೇಳುವ, ಬರೆದುಕೊಳ್ಳುವ ಕೆಲಸ. ಕಂಪ್ಯೂಟರಿನಲ್ಲಿ ಸಾಕ್ಷಿಗೆ ನಂಬರ್ ಮಾತ್ರ. ಹೆಸರು ಇರುವುದು ಒಂದೇ ರಿಜಿಸ್ಟರಿನಲ್ಲಿ — ನನ್ನ ಕೈಬರಹ, ನನ್ನ ಬೀಗ. "ನಿಮ್ಮ ಹೆಸರು ಯಾರಿಗೂ ಗೊತ್ತಾಗಲ್ಲ" ಎಂದು ಬಂದವರಿಗೆಲ್ಲ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದೆ.

ಮಾರ್ಚ್ 11
ಅಮ್ಮ ಕಚೇರಿಗೆ ಬಂದಳು. ಊಟದ ಡಬ್ಬಿ ಮರೆತೆನೇನೋ ಅಂದುಕೊಂಡೆ. ಸಾಕ್ಷಿಗಳ ಕುರ್ಚಿಯಲ್ಲಿ ಕೂತಳು.
"ಮಗಳಿಗೆ ಹೇಳ್ತಿಲ್ಲ. ಆಫೀಸಿಗೆ ಹೇಳ್ತಿದೀನಿ. ಬರ್ಕೋ."
ಇಟ್ಟಿಗೆ ಗೂಡಿನ ಹಿಂದೆ ಆರು ಜನ ಕೈದಿಗಳು. ಆಚೆ ದೇಶದವರು. ಗುಂಡು ಹೊಡೆದವರು ನಮ್ಮ ಸೈನಿಕರೇ. ಅಮ್ಮನಿಗೆ ಆಗ ಹತ್ತೊಂಬತ್ತು. ಒಬ್ಬ ನೀರು ಕೇಳಿದನಂತೆ. "ಕೊಡೋಕೆ ಧೈರ್ಯ ಬರ್ಲಿಲ್ಲ" ಎಂದಳು.
ಐವತ್ತೆಂಟು ಎಂದು ಬರೆದೆ. ಮುಂದೆ ಅಮ್ಮನ ಹೆಸರು.

ಏಪ್ರಿಲ್ 22
ಆರೂ ಜನ ಸಿಕ್ಕರು. ಅಮ್ಮ ಹೇಳಿದ ಜಾಗದಲ್ಲೇ. ಆಚೆಯಿಂದ ಒಬ್ಬ ಮುದುಕಿ ಬಂದಿದ್ದರು, ಅಣ್ಣನ ಮೂಳೆಯ ಪೆಟ್ಟಿಗೆ ಒಯ್ಯಲು. ನನ್ನ ಎರಡೂ ಕೈ ಹಿಡಿದು ಅವರ ಭಾಷೆಯಲ್ಲಿ ಏನೋ ಅಂದರು. ನಮ್ಮಲ್ಲೇ ಕೆಲಸ ಮಾಡುವ ಅವರ ದೇಶದ ಗುಮಾಸ್ತೆ ತಿಳಿಸಿದಳು: "ಜಾಗ ಹೇಳಿದವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ ಅಂತಿದಾರೆ."
ಅಮ್ಮನಿಗೆ ಹೇಳಿದೆ. ಎದ್ದು ಒಳಗೆ ಹೋದಳು.

ಜೂನ್ 2
ಹೊಸ ಪಕ್ಷ ಗೆದ್ದಿತು. ನೂರಕ್ಕೆ ಅರವತ್ತು ವೋಟು. ಯಾರೂ ಬಂದೂಕು ತೋರಿಸಲಿಲ್ಲ, ಮತಪೆಟ್ಟಿಗೆ ಕದಿಯಲಿಲ್ಲ. ಜನ ಕ್ಯೂ ನಿಂತು, ನಗುನಗುತ್ತಾ ಹಾಕಿ ಬಂದರು.
ನಮ್ಮ ಕಚೇರಿಯ ನಿರ್ದೇಶಕರು ಎಂದಿನ ಹಾಗೆ: "ನಮ್ಮದು ಮೂಳೆ ಕೆಲಸ ಕಣಮ್ಮ. ಸತ್ತವರು ಪಕ್ಷ ಬದಲಾಯಿಸ್ತಾರಾ?"
ಎಲ್ಲರೂ ನಕ್ಕೆವು.

ಜುಲೈ 15
ಆಚೆ ದೇಶದ ಗುಮಾಸ್ತೆಯ ಪರವಾನಗಿ ರದ್ದು. ಮೇಜು ಖಾಲಿ. ಟೀ ಕಪ್ ಬಿಟ್ಟು ಹೋಗಿದ್ದಾಳೆ.
ಹೊಸ ಕಾನೂನು: ಸೇನೆಗೆ ಕೆಟ್ಟ ಹೆಸರು ತರುವ ಹೇಳಿಕೆ ಕೊಟ್ಟವರು ದೇಶದ್ರೋಹಿಗಳು. ಹಿಂದೆ ಕೊಟ್ಟಿದ್ದರೂ ಸರಿ. ಸಂಸತ್ತಿನಲ್ಲಿ ಎರಡು ಗಂಟೆಯೊಳಗೆ ಪಾಸ್. ಎದುರುಮನೆಯವರು ಟೀವಿ ಮುಂದೆ ಚಪ್ಪಾಳೆ ತಟ್ಟಿದ್ದು ನಮ್ಮ ಹಾಲ್‌ಗೂ ಕೇಳಿಸಿತು. ಒಳ್ಳೆಯ ಜನ. ಅಮ್ಮ ಜಾರಿ ಬಿದ್ದಾಗ ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅವರೇ...

ಜುಲೈ 29, ಬೆಳಗ್ಗೆ 11
ನಿರ್ದೇಶಕರು ಕರೆದರು. ಕಣ್ಣೆತ್ತಲಿಲ್ಲ.
"ಶುಕ್ರವಾರ ರಿಜಿಸ್ಟರ್ ಒಪ್ಪಿಸ್ಬೇಕಂತೆ."
"ಸರ್, ಅವರಿಗೆಲ್ಲ ಮಾತು ಕೊಟ್ಟಿದೀವಿ."
"ಕೊಟ್ಟಿದ್ದು ಹಳೇ ಸರ್ಕಾರ ಕಣಮ್ಮ."
ಎದ್ದರು. "ನಾನು ಊಟಕ್ಕೆ ಹೋಗ್ತೀನಿ. ಬರೋದು ತಡ ಆಗುತ್ತೆ."
ಹನ್ನೊಂದು ಗಂಟೆಗೆ ಊಟ!

ಅದೇ ದಿನ, ಮಧ್ಯಾಹ್ನ 3
ಅರ್ಧ ದಿನ ರಜೆ ಹಾಕಿದೆ. ರಿಜಿಸ್ಟರ್ ಬ್ಯಾಗಿನಲ್ಲಿ ಮನೆಗೆ ಬಂತು. ಸುಟ್ಟರೆ ಹೊಗೆ ಕಾಣುತ್ತದೆ. ಅಮ್ಮನೇ ಬಕೆಟ್ಟಿನಲ್ಲಿ ನೆನೆಹಾಕಿದಳು, ಒಂದೊಂದೇ ಹಾಳೆ ಕಿತ್ತು ಕಿವುಚಿದಳು. ನೂರಾ ಎಪ್ಪತ್ತು ಹೆಸರು. ನೀರೆಲ್ಲ ನೀಲಿ.
"ಪುಸ್ತಕ ಒಗೆದಿದ್ದು ಇದೇ ಮೊದಲು ಕಣೇ."
ನಗು ತಡೆಯಲಾಗಲಿಲ್ಲ ಇಬ್ಬರಿಗೂ. ಆಮೇಲೆ ಬಚ್ಚಲ ಗೋಡೆಗೆ ಒರಗಿ ಬಹಳ ಹೊತ್ತು ಕೂತೆವು.

ಆಗಸ್ಟ್ 1
ಹೊಸ ಸರ್ಕಾರದ ಅಧಿಕಾರಿ ಬಂದ. ರಿಜಿಸ್ಟರ್ ಕಾಣುತ್ತಿಲ್ಲ ಎಂದೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಇಲ್ಲ. ನನಗೇ ಕುರ್ಚಿ ಎಳೆದು ಕೊಟ್ಟ.
"ಪರವಾಗಿಲ್ಲ ಮೇಡಂ. ಪುಸ್ತಕ ಹೋದ್ರೆ ಹೋಗ್ಲಿ. ಬರೆದೋರು ಇದೀರಲ್ಲ."
ಸೋಮವಾರ ಹತ್ತು ಗಂಟೆಗೆ ಅವನ ಕಚೇರಿಗೆ. ನೆನಪಿದ್ದಷ್ಟು ಹೆಸರು ಬರೆದುಕೊಟ್ಟರೆ ಸಾಕಂತೆ.
ಒಂದೂ ಮರೆತಿಲ್ಲ. ಮರೆಯಲು ನೋಡಿದಷ್ಟೂ ಸಾಲಾಗಿ ಬರುತ್ತಿವೆ.

ಆಗಸ್ಟ್ 4, ಬೆಳಗ್ಗೆ 8
ಹತ್ತು ಗಂಟೆ ಅಂದಿದ್ದರು. ಜೀಪು ಎಂಟಕ್ಕೇ ಬಂದು ನಿಂತಿದೆ. ನಿರ್ದೇಶಕರು ಫೋನ್ ಎತ್ತುತ್ತಿಲ್ಲ.
ಅಮ್ಮ ಬಟ್ಟೆ ಬದಲಾಯಿಸಿ, ಚಪ್ಪಲಿ ಮೆಟ್ಟಿ ನಿಂತಿದ್ದಾಳೆ.
"ನನ್ನ ಹೆಸರು ನಾನೇ ಹೇಳ್ತೀನಿ. ನಿನ್ನ ಬಾಯಿಂದ ಬರೋದು ಬೇಡ."
"ಒಂದು ಹೆಸರು ಅವರಿಗೆ ಸಾಕಾಗಲ್ಲಮ್ಮ."
"ಗೊತ್ತು ಕಣೇ. ಇವತ್ತಿಗಾದ್ರೂ ಸಾಕಾಗ್ಲಿ."
ಮೆಟ್ಟಿಲ ಮೇಲೆ ಬೂಟಿನ ಸದ್ದು. ಅಮ್ಮನೊಬ್ಬಳನ್ನೇ ಹೋಗಲು ಬಿಡುವುದಿಲ್ಲ. ಬರೆದಿದ್ದು ಸಾಕು. ಅಮ್ಮ ಆಗಲೇ ಚಿಲಕಕ್ಕೆ ಕೈ —