ಓದದೇ ಬಿಟ್ಟ ಸೆಟ್ಟಿಂಗ್ಸ್ ಫೈಲು

ಮ್ಯಾನೇಜರ್ ಅವರಿಗೆ,

ನಿನ್ನೆಯ ಮೀಟಿಂಗಿನಲ್ಲಿ ಹೇಳಬೇಕಾಗಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಕಿಟಕಿ ತೆರೆದು ಮುಚ್ಚಿದ್ದಾಯಿತು.

ಕಂಪನಿಯ ಪಾಸ್‌ವರ್ಡುಗಳು ಸೋರಿದ್ದು ನಾವೆಲ್ಲ ಅಕ್ಕ ಎಂದು ಕರೆಯುವ ನಮ್ಮ ಟೆಸ್ಟರ್ ಅವರ ಕಂಪ್ಯೂಟರಿನಿಂದ, ನಿಜ. ಆದರೆ ಹೊರಗಿನವರು ಬರೆದು ಕಳಿಸಿದ ಕೋಡ್ ಇದ್ದ ಆ ಫೋಲ್ಡರನ್ನು ಪರಿಶೀಲಿಸಿ ಆಕೆಗೆ ಕೊಟ್ಟವನು ನಾನು. ಕೋಡನ್ನು ಸಾಲುಸಾಲಾಗಿ ಓದಿದೆ. ಜೊತೆಗಿದ್ದ ಸೆಟ್ಟಿಂಗ್ಸ್ ಫೈಲನ್ನು ತೆರೆಯಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ತೆರೆದವನಲ್ಲ. ಅದರಲ್ಲಿ ಅಕ್ಷರದ ಗಾತ್ರ, ಬಣ್ಣ ಇಂಥವು ಇರುತ್ತವೆ ಎಂದುಕೊಂಡಿದ್ದೆ. ಫೋಲ್ಡರ್ ತೆರೆದ ಕೂಡಲೇ ತಾನಾಗಿ ಓಡಿ ಪಾಸ್‌ವರ್ಡುಗಳನ್ನು ಹೊರಗೆ ಕಳಿಸುವ ಒಂದು ಆಜ್ಞೆಯೂ ಅದರಲ್ಲಿತ್ತು.

ತೆರೆಯುವ ಮುನ್ನ ಆಕೆ ನನ್ನನ್ನು ಕರೆದಿದ್ದರು. "ಸಾರ್, ಇದನ್ನ ಬರೆದವರನ್ನ ನಂಬ್ತೀರಾ ಅಂತ ಕಂಪ್ಯೂಟರ್ ಕೇಳ್ತಿದೆ."

"ಅದು ಎಲ್ಲರನ್ನೂ ಕೇಳುತ್ತೆ ಅಕ್ಕಾ, ಹೂಂ ಅಂತ ಒತ್ತಿ. ಇಷ್ಟು ಯೋಚನೆ ಮಾಡೋಕೆ ಅದೇನು ಮದುವೆ ಪ್ರಸ್ತಾಪವಾ?"

"ನಿಮ್ಮ ಮಾತಿನ ಮೇಲೆ ಒತ್ತುತ್ತಿದ್ದೀನಿ. ಆಮೇಲೆ ಕೈ ಕೊಡಬೇಡಿ."

ಮೀಟಿಂಗಿನಲ್ಲಿ ಆಕೆ ಇದನ್ನು ಎತ್ತಲಿಲ್ಲ. ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ನಾನು ನೀರು ಕುಡಿಯುತ್ತಿದ್ದೆ.

ಮೊದಲು ಎಲ್ಲರ ಕಂಪ್ಯೂಟರಿನಿಂದ ಆ ಫೋಲ್ಡರನ್ನು ತೆಗೆಸಿ. ರಾಜೀನಾಮೆ ಬರೆಸಿಕೊಳ್ಳಲು ನಾಳೆ ಹತ್ತಕ್ಕೆ ಆಕೆಯನ್ನು ಕರೆದಿದ್ದೀರಿ. ಆ ಹೊತ್ತಿಗೆ ನಾನು ಬರುತ್ತೇನೆ. ಆಕೆ ಬರಬೇಕಾಗಿಲ್ಲವೆಂದು ದಯವಿಟ್ಟು ಇಂದೇ ಫೋನ್ ಮಾಡಿ ತಿಳಿಸಿ. ನನ್ನ ಫೋನನ್ನು ಆಕೆ ಎತ್ತುತ್ತಿಲ್ಲ.

ಇಂತಿ,
ಕೋಡ್ ಪರಿಶೀಲನೆಯವನು