ಮೊದಲ ಸಾಲಿಗೆ ಬಾಯಿ ಬರಲಿಲ್ಲ

ಅತ್ತಿಗುಪ್ಪೆ
14 ಮೇ 2025

ಪ್ರೀತಿಯ ಐಶ್ವರ್ಯ,

ಹೇಗಿದ್ದೀಯೇ? ನಿನ್ನ ಮೂರು ಮೆಸೇಜಿಗೂ ಉತ್ತರ ಕೊಡಲಿಲ್ಲ ಅಂತ ಬೈಯಬೇಡ. ಫೋನಿನಲ್ಲಿ ಮಾತಾಡೋಣವೆಂದರೆ ಪಕ್ಕದಲ್ಲೇ ಅತ್ತೆ. ಅದಕ್ಕೇ ಈ ಕಾಗದ. ಪುಟ್ಟಿಗೆ ಹನ್ನೊಂದು ತಿಂಗಳು. ಹಲ್ಲು ಬಂದಿವೆ, ನಿದ್ದೆ ಮಾತ್ರ ಬಂದಿಲ್ಲ, ಅವಳಿಗೂ ನನಗೂ.

ಮಾರ್ಚಿನಲ್ಲಿ ನಾನು ಮತ್ತೆ ಬಸಿರಾಗಿ ಏಳನೇ ವಾರಕ್ಕೆ ತೆಗೆಸಿದ್ದು ನಿನಗೂ ನನ್ನ ಗಂಡನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲವಲ್ಲ. "ನಿನ್ನ ಮೈ, ನಿನ್ನಿಷ್ಟ ಕಣೇ" ಅಂದಿದ್ದ ಶಿವಕಿರಣ್. ಎಷ್ಟು ಸುಲಭ! ಎಲ್ಲ ನನ್ನ ತಲೆಗೆ ಕಟ್ಟಿ ಆಫೀಸಿಗೆ ಹೋದ.

ಸೋಮವಾರ ಬುದ್ಧಪೂರ್ಣಿಮೆ. ಮಾವನವರ ಕಾಲದಿಂದ ಈ ಮನೆಯವರು ಬೌದ್ಧರು; ಪ್ರತಿ ವರ್ಷ ವಿಹಾರದ ಭಿಕ್ಷು, ನಮ್ಮ ಭಂತೇಜಿ, ಬಂದು ಪಂಚಶೀಲದ ಐದು ವ್ರತ ಹೇಳಿಕೊಡುತ್ತಾರೆ. ಅವರು ಒಂದೊಂದು ಸಾಲು ಹೇಳಿದಂತೆ ನಾವು ಕೈಮುಗಿದು ಮತ್ತೆ ಹೇಳಬೇಕು. ಜೀವಹತ್ಯೆ ಮಾಡುವುದಿಲ್ಲ ಎಂಬುದೇ ಮೊದಲ ಸಾಲು. ಆ ಸಾಲಿಗೆ ನಾನು ಬರೀ ತುಟಿ ಅಲ್ಲಾಡಿಸಿದೆ. ಶಿವಕಿರಣ್ ಎಲ್ಲರಿಗಿಂತ ಜೋರಾಗಿ ಹೇಳಿದ, ಐಶೂ!

"ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ? ಹೇಳಮ್ಮ" ಎಂದು ಅತ್ತೆ ಮೊಣಕೈಯಿಂದ ತಿವಿದರು.

ಊಟವಾಗಿ ಭಂತೇಜಿಯ ಕೈಗೆ ನೀರು ಹಾಕುವಾಗ, ಹತ್ತಿರ ಯಾರೂ ಇರಲಿಲ್ಲ, ನಾನು ತೆಗೆಸಿದ್ದೂ ಜೀವಹತ್ಯೆಯೇ ಎಂದು ಕೇಳಿಬಿಟ್ಟೆ.

"ಗರ್ಭ ನಿಂತಾಗ್ಲಿಂದಾನೇ ಅದು ಜೀವ ಅಂತ ಹಿಂದಿನೋರು ಹೇಳವ್ರೆ ತಾಯಿ. ನಿನ್ ಸಮಾಧಾನಕ್ಕೆ ಅಂತ ಬೇರೆ ಹೇಳಕ್ಕಾಗಲ್ಲ" ಎಂದರು. ಕೈ ತೊಳೆಯುತ್ತಲೇ, "ಆದ್ರೆ ಸಂಕಲ್ಪಾನೇ ಕರ್ಮ. ಆ ಹೊತ್ನಲ್ಲಿ ನಿನ್ ಮನಸ್ಸಲ್ಲಿ ಏನಿತ್ತು?"

"ಭಯ ಭಂತೇಜಿ. ಈ ಮಗೂನೇ ಸರಿಯಾಗಿ ನೋಡ್ಕೊಳ್ಳಕ್ಕೆ ಆಗಲ್ವೇನೋ ಅಂತ."

"ಹಂಗಾದ್ರೆ ಅದ್ರಲ್ಲಿ ಕರುಣೇನೂ ಇತ್ತು" ಎಂದು ಕೈ ಒರೆಸಿಕೊಂಡರು.

ನನಗೆ ರೇಗಿತು. ಎಲ್ಲರೂ ನನ್ನ ಮನಸ್ಸನ್ನೇ ತೂಗಬೇಕೆ? ಜೋರಾಗಿ ಹೇಳಿದವನ ಮನಸ್ಸಿನಲ್ಲೇನಿತ್ತು? ಸಂಜೆ ಅವನನ್ನೇ ಕೇಳಿದೆ. "ಅಯ್ಯೋ, ಎಲ್ರೂ ಹೇಳ್ತಾರೆ, ನಾನೂ ಹೇಳ್ದೆ. ಅದಕ್ಕೆಲ್ಲ ತಲೆ ಕೆಡಿಸ್ಕೊಳ್ತಾರಾ?" ಎಂದು ಟಿವಿ ಹಾಕಿದ.

ನಿನ್ನ ಮಗನಿಗೆ ನನ್ನದೊಂದು ಮುತ್ತು. ಚೆನ್ನಾಗಿ ಬೆಳೆಯಲಿ, ನಿನ್ನನ್ನು ಮಲಗಲು ಬಿಡಲಿ.

ನಿನ್ನ,
ಲತಾ

ತಾ.ಕ.: ಭಂತೇಜಿಗೆ ಹೇಳಿದ್ದು ಸುಳ್ಳು. ಸುಳ್ಳಾಡುವುದಿಲ್ಲ ಎಂಬ ನಾಲ್ಕನೇ ಸಾಲನ್ನು ಬಾಯಿ ತುಂಬ ಹೇಳಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅವತ್ತು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ: ಸದ್ಯ, ಇನ್ನು ಮಲಗಬಹುದು. ಎಲ್ಲ ಮುಗಿದು ನರ್ಸ್ ತಟ್ಟಿ ಎಬ್ಬಿಸಿದಾಗ ಅಳು ಬರಲಿಲ್ಲ ಕಣೇ. "ಇನ್ನೊಂಚೂರು ಮಲಗ್ಲಾ ಸಿಸ್ಟರ್?" ಅಂತ ಕೇಳಿದೆ.